ಡ್ರಾಫ್ಟಿಂಗ್: ಮುಂದಿನವರ ಬೆನ್ನ ಹಿಂದಿನ ಗಾಳಿಮರೆ

ಎದುರುಗಾಳಿಗೆ ಸೈಕಲ್ ತುಳಿದವರಿಗೆ ಗೊತ್ತು, ಸಪಾಟು ರಸ್ತೆಯೂ ಏರಿನಷ್ಟೇ ದಣಿಸುತ್ತದೆ. ಆಗ ಮುಂದೊಬ್ಬ ಸವಾರ ಸಿಕ್ಕಿ, ಅವನ ಬೆನ್ನಿಗೆ ಅಂಟಿಕೊಂಡು ಹೋದರೆ ಪೆಡಲ್ ತಟ್ಟನೆ ಹಗುರಾಗುತ್ತದೆ. ರೇಸಿನ ಭಾಷೆಯಲ್ಲಿ ಇದೇ ಡ್ರಾಫ್ಟಿಂಗ್. ಮುಂದಿನವನ ಚಕ್ರಕ್ಕೂ ತನ್ನ ಚಕ್ರಕ್ಕೂ ಗೇಣು-ಮೊಳದ ಅಂತರವಷ್ಟೇ ಬಿಟ್ಟು, ಅವನು ಸೀಳಿದ ಗಾಳಿಯ ಮರೆಯಲ್ಲಿ ಸಾಗುವುದು.

ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಅದನ್ನು ಮೀರಲು ಬೇಕಾದ ಶಕ್ತಿ ಎಂಟು ಪಟ್ಟು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವವನ ಶ್ರಮದ ಬಹುಪಾಲು ಗಾಳಿಗೇ ಸಲ್ಲುತ್ತದೆ. ರೇಸಿನ ದೊಡ್ಡ ಗುಂಪನ್ನು ಪೆಲೊಟಾನ್ ಎನ್ನುತ್ತಾರೆ. 2018ರಲ್ಲಿ ಗಾಳಿಯ ಹರಿವನ್ನು ಅಭ್ಯಸಿಸುವ ವಿಜ್ಞಾನಿ ಬರ್ಟ್ ಬ್ಲಾಕನ್ ಮತ್ತು ಸಂಗಡಿಗರು 121 ಸವಾರರ ಪೆಲೊಟಾನ್ ಅನ್ನು ಅಧ್ಯಯನ ಮಾಡಿದಾಗ, ಅದರ ಒಡಲಲ್ಲಿ ಅಡಗಿದವರಿಗೆ ತಗಲುವ ಗಾಳಿಯ ತಡೆ ಒಂಟಿ ಸವಾರನಿಗೆ ತಗಲುವುದರ ಶೇ. 5ರಿಂದ 10ರಷ್ಟಕ್ಕೆ ಇಳಿದದ್ದು ಕಂಡಿತು. ನೂರು ಕಿಲೋಮೀಟರ್ ಹೀಗೆ ಕಾಲಿನ ಬಲ ಉಳಿಸಿಕೊಂಡವರು ಕೊನೆಯ ಇನ್ನೂರು ಮೀಟರಿನಲ್ಲಿ ಸಿಡಿಯುತ್ತಾರೆ. ತಂಡದ ನಾಯಕನಿಗಾಗಿ ಗಾಳಿಗೆ ಎದೆಯೊಡ್ಡುವ ಸವಾರರಿಗೆ ಡೊಮೆಸ್ಟೀಕ್ ಎಂಬ ಫ್ರೆಂಚ್ ಹೆಸರಿದೆ. ಮೂಲ ಅರ್ಥ ಮನೆಯಾಳು. ಆ ಹೆಸರು ಅವರ ದುಡಿಮೆಗೆ ಸಾಲದು ಎಂದೇ ನನ್ನ ಅನಿಸಿಕೆ.

ಮರೆ ಬೇಕು, ಆದರೆ ಇನ್ನೊಬ್ಬರಿಗೆ ಮರೆಯಾಗಿ ನಿಲ್ಲುವುದು ಯಾರಿಗೂ ಬೇಡ. ರೇಸಿನ ತಂತ್ರವೆಲ್ಲ ಹುಟ್ಟುವುದು ಈ ಇಕ್ಕಟ್ಟಿನಿಂದ. ಮುಂದೆ ಓಡಿಹೋದ ನಾಲ್ಕೈದು ಮಂದಿ ಸರದಿಯಂತೆ ಗಾಳಿ ಹೊತ್ತರೆ ಬಹುದೂರ ಬಾಳುತ್ತಾರೆ. ಹಿಂದಿನ ಗುಂಪಿನಲ್ಲೋ, ಬೆನ್ನಟ್ಟಲು ಮುಂದೆ ಬಂದವನು ತನ್ನ ಶಕ್ತಿ ಸುರಿದು ಎದುರಾಳಿಗಳನ್ನೂ ಪುಕ್ಕಟೆ ಹೊತ್ತೊಯ್ಯಬೇಕು. ಹಾಗಾಗಿ 'ನೀ ಮೊದಲು, ನೀ ಮೊದಲು' ಎಂದು ಪರಸ್ಪರ ಮುಖ ನೋಡುತ್ತ ಹೊತ್ತು ಕಳೆಯುತ್ತಾರೆ.

ಟೋಕಿಯೊ ಒಲಿಂಪಿಕ್ಸಿನ ಮಹಿಳೆಯರ ರೋಡ್ ರೇಸಿನಲ್ಲಿ ಆದದ್ದು ಬಹುಮಟ್ಟಿಗೆ ಇದೇ. 2021ರ ಜುಲೈ 25, ದಾರಿ 137 ಕಿ.ಮೀ. ಆಸ್ಟ್ರಿಯಾದ ಆನಾ ಕೀಸೆನ್‌ಹೋಫರ್ ಆರಂಭದಲ್ಲೇ ಓಟ ಕಿತ್ತರು, ಜೊತೆಗೆ ನಾಲ್ವರು ಸೇರಿಕೊಂಡರು. ಆಕೆ ಗಣಿತದಲ್ಲಿ ಡಾಕ್ಟರೇಟ್ ಪಡೆದವರು, ಆಗ ಯಾವ ವೃತ್ತಿಪರ ತಂಡದಲ್ಲೂ ಇರಲಿಲ್ಲ. ಹಿಂದಿನ ಗುಂಪಿನಲ್ಲಿ ನೆದರ್ಲೆಂಡ್ಸಿನ ನಾಲ್ವರು ಘಟಾನುಘಟಿಗಳು. ಬೆನ್ನಟ್ಟುವ ಹೊಣೆ ಅವರದೇ ಎಂದು ಉಳಿದ ದೇಶದವರು ಕೈಕಟ್ಟಿ ಕುಳಿತರು. ಒಲಿಂಪಿಕ್ಸಿನಲ್ಲಿ ಸವಾರರ ಕಿವಿಗೆ ರೇಡಿಯೊ ಇರುವುದಿಲ್ಲ, ಮುಂದೆ ಎಷ್ಟು ಜನ ಇದ್ದಾರೆಂಬ ಲೆಕ್ಕವೇ ತಪ್ಪಿತು. ಸುಮಾರು 40 ಕಿ.ಮೀ. ಉಳಿದಿರುವಾಗ ಕೀಸೆನ್‌ಹೋಫರ್ ಜೊತೆಗಾರರನ್ನೂ ಬಿಟ್ಟು ಒಬ್ಬರೇ ಹೊರಟರು. ಕೊನೆಯಲ್ಲಿ ಆ ಜೊತೆಗಾರರಲ್ಲಿ ಉಳಿದ ಇಬ್ಬರನ್ನು ಹಿಡಿದ ಡಚ್ಚರು ಮುಂದೆ ಇನ್ಯಾರೂ ಇಲ್ಲವೆಂದುಕೊಂಡರು. 75 ಸೆಕೆಂಡ್ ತಡವಾಗಿ ಗೆರೆ ದಾಟಿದ ಡಚ್ ತಂಡದ ಅನೆಮೀಕ್ ಫಾನ್ ಫ್ಲ್ಯೂಟನ್ ಚಿನ್ನವೇ ಸಿಕ್ಕಿತೆಂದು ಕೈ ಎತ್ತಿದರು. ಗಾಳಿಮರೆಯೇ ಇಲ್ಲದೆ ಅಷ್ಟು ದೂರ ತುಳಿದ ಆ ಗೆಲುವನ್ನು ನಾನು ಎಂದೂ ಮರೆಯಲಾರೆ.

ಬೆಟ್ಟದ ಏರಿನಲ್ಲಿ ಲೆಕ್ಕ ಬೇರೆ: ವೇಗ ಇಳಿದಂತೆ ಮರೆಯ ಬೆಲೆಯೂ ಇಳಿದು, ಅವರವರ ಕಾಲಿನ ಬಲವೇ ಮಾತಾಡುತ್ತದೆ.

ಗಾಳಿ ಅಡ್ಡ ಬೀಸಿದಾಗಲಂತೂ ಮರೆ ನೇರ ಬೆನ್ನ ಹಿಂದೆ ಇರುವುದಿಲ್ಲ, ಓರೆಯಾಗಿ ಪಕ್ಕಕ್ಕೆ ಸರಿಯುತ್ತದೆ. ಸವಾರರೂ ರಸ್ತೆಗೆ ಅಡ್ಡಲಾಗಿ, ಹಾರುವ ಕೊಕ್ಕರೆಗಳ ಹಾಗೆ ಓರೆಸಾಲು ಕಟ್ಟುತ್ತಾರೆ. ಇದು ಎಶೆಲಾನ್. ರಸ್ತೆಯ ಅಗಲಕ್ಕೆ ಹಿಡಿಸುವಷ್ಟು ಜನರಿಗೆ ಮಾತ್ರ ಇದರಲ್ಲಿ ಜಾಗ, ಉಳಿದವರು ಅಂಚಿನಲ್ಲಿ ಮರೆಯಿಲ್ಲದೆ ಒದ್ದಾಡಿ ಕಳಚಿಕೊಳ್ಳುತ್ತಾರೆ. 2020ರಲ್ಲಿ ಟೂರ್ ಡಿ ಫ್ರಾನ್ಸ್ ಎಂಬ ಮೂರು ವಾರಗಳ ರೇಸಿನಲ್ಲಿ, ಲಾವೋರ್ ಊರಿಗೆ ಹೋಗುವ ದಾರಿಯಲ್ಲಿ ಹೀಗೆ ಹಿಂದುಳಿದು 81 ಸೆಕೆಂಡ್ ಕಳೆದುಕೊಂಡವರು ಸ್ಲೊವೇನಿಯಾದ ತಾಡೇಯ್ ಪೊಗಾಚಾರ್. ಎರಡು ವಾರದ ನಂತರ ಪ್ಯಾರಿಸ್ಸಿನಲ್ಲಿ ಅವರು ಟೂರ್ ಗೆದ್ದದ್ದು ಒಟ್ಟು ಸಮಯದಲ್ಲಿ 59 ಸೆಕೆಂಡುಗಳ ಅಂತರದಿಂದ.