ಪದ ಪರಿಚಯ: ರೆಸ್ಟೊಮಾಡ್

ಅಮೆರಿಕದ ಹಳೇ ಮಸಲ್ ಕಾರುಗಳ (ದೊಡ್ಡ ಎಂಜಿನ್ನಿನ, ಜೋರಾಗಿ ಓಡುವ ಕಾರುಗಳ) ಮಾರಾಟದ ಜಾಹೀರಾತಿನಲ್ಲಿ '1969ರ ಕ್ಯಾಮರೊ ಕನ್ವರ್ಟಿಬಲ್, ರೆಸ್ಟೊಮಾಡ್, ಎಲ್‌ಎಸ್3 ಎಂಜಿನ್' ಎಂದಿದ್ದರೆ ಅರ್ಥ ಇಷ್ಟು: ನೋಡಲು 1969ರ, ಟಾಪ್ ಮಡಚುವ ಷೆವ್ರೊಲೆ ಕಾರು, ಓಡಿಸಲು ಈಗಿನ ಕಾಲದ್ದು. ಬಾಡಿ, ಕ್ರೋಮ್, ಡ್ಯಾಶ್‌ಬೋರ್ಡನ್ನು ಮೊದಲಿದ್ದ ರೂಪಕ್ಕೆ ತಂದು ಎಂಜಿನ್, ಗೇರ್‌ಬಾಕ್ಸ್, ಬ್ರೇಕ್, ಸಸ್ಪೆನ್ಷನ್, ವೈರಿಂಗ್ ಬದಲಿಸಿರುತ್ತಾರೆ. ಎಲ್ಲವನ್ನೂ ಕಾರ್ಖಾನೆಯಿಂದ ಬಂದ ಸ್ಥಿತಿಗೇ ಮರಳಿಸಿದರೆ ಅದು ಬರೀ ರೆಸ್ಟೊರೇಷನ್. ಹುಟ್ಟಿನಿಂದ ಬಂದ ಎಂಜಿನ್ ಇನ್ನೂ ಅದರಲ್ಲೇ ಇದ್ದರೆ 'ನಂಬರ್ಸ್ ಮ್ಯಾಚಿಂಗ್'. ಸಾದಾ ಮಾಡೆಲ್‌ಗೆ ವೇಗದ ಮಾದರಿಯ ಎಸ್‌ಎಸ್ (ಸೂಪರ್ ಸ್ಪೋರ್ಟ್) ಬ್ಯಾಡ್ಜ್ ಅಂಟಿಸಿದ್ದರೆ 'ಕ್ಲೋನ್'. ಮಾರುವವರು ಮರ್ಯಾದೆಗೆ 'ಟ್ರಿಬ್ಯೂಟ್' ಎನ್ನುತ್ತಾರೆ.

ಹಳೇ ಎಂಜಿನ್ ಕಳೆದುಕೊಂಡ ಕಾರು ಅಥವಾ ಆರು ಸಿಲಿಂಡರಿನ ಸಾದಾ ಕಾರು ರೆಸ್ಟೊಮಾಡ್‌ಗೆ ತಕ್ಕದ್ದು. ನಂಬರ್ಸ್ ಮ್ಯಾಚಿಂಗ್ ಕಾರನ್ನು ಕತ್ತರಿಸುವುದು ತಪ್ಪು. ಹಾಗೆ ಹೋದದ್ದು ಮತ್ತೆ ಬರುವುದಿಲ್ಲ.

ಕಾರಿನ ಹುಟ್ಟು ಗುರುತು ಚಾಸಿ ನಂಬರಿನಲ್ಲಿದೆ. 1969ರ ಕ್ಯಾಮರೊದಲ್ಲಿ ಅದು ಡ್ಯಾಶ್‌ಬೋರ್ಡಿನ ಮೇಲೆ, ಚಾಲಕನ ಬದಿಯಲ್ಲಿ, ಮುಂದಿನ ಗಾಜಿನಿಂದಲೇ ಕಾಣುತ್ತದೆ. 124679ಎನ್ ಎಂದು ಶುರುವಾದರೆ 1 ಎಂದರೆ ಷೆವ್ರೊಲೆ, 24 ಎಂದರೆ ವಿ8 (ಎಂಟು ಸಿಲಿಂಡರಿನ) ಕ್ಯಾಮರೊ, 67 ಎಂದರೆ ಕನ್ವರ್ಟಿಬಲ್, 9 ಎಂದರೆ 1969, ಎನ್ ಎಂದರೆ ಒಹಾಯೊದ ನಾರ್ವುಡ್ ಕಾರ್ಖಾನೆ. 67 ಇರುವ ಜಾಗದಲ್ಲಿ 37 ಇದ್ದರೆ ಅದು ಕೂಪೆಯ ಛಾವಣಿ ಕತ್ತರಿಸಿ ಮಾಡಿದ ಕನ್ವರ್ಟಿಬಲ್. ಅಲ್ಲಿಗೇ ಮಾತು ಮುಗಿಸಿ. ಎಸ್‌ಎಸ್ ಹೌದೋ ಅಲ್ಲವೋ ಎಂಬುದನ್ನು ಮಾತ್ರ ಈ ನಂಬರ್ ಹೇಳುವುದಿಲ್ಲ. ಅದಕ್ಕೆ ಹಳೇ ಕಾಗದಪತ್ರವೇ ಬೇಕು.

ಜಾಹೀರಾತಿನ ಮೊದಲ ಸಾಲಿನಲ್ಲಿ ಎಂಜಿನ್ ಇರುತ್ತದೆ. ಆದರೆ ಕನ್ವರ್ಟಿಬಲ್‌ನಲ್ಲಿ ಮೊದಲು ನೋಡಬೇಕಾದದ್ದು ಬಾಡಿ. ಛಾವಣಿ ಇಲ್ಲದ ಕಾರಿನಲ್ಲಿ ಛಾವಣಿ ಹೊರುತ್ತಿದ್ದ ಭಾರವನ್ನೂ ಬಾಗಿಲ ಕೆಳಗೆ ಉದ್ದಕ್ಕೂ ಇರುವ ರಾಕರ್ ಎಂಬ ತೊಲೆಯೇ ಹೊರಬೇಕು. ಕ್ಯಾಮರೊಗೆ ಉದ್ದಕ್ಕೂ ಚಾಸಿ ಇಲ್ಲ, ಮುಂದೆ ಮಾತ್ರ ಬೋಲ್ಟ್ ಮಾಡಿದ ಸಬ್‌ಫ್ರೇಮ್ (ಎಂಜಿನ್ ಹೊರುವ ತುಂಡು ಚೌಕಟ್ಟು) ಇದೆ. ಅದಕ್ಕೇ ಕಂಪನಿ ಕನ್ವರ್ಟಿಬಲ್‌ಗೆ ರಾಕರನ್ನು ಬಲಪಡಿಸಿ, ನಾಲ್ಕು ಮೂಲೆಗಳಲ್ಲಿ ಭಾರವಾದ ಡ್ಯಾಂಪರುಗಳನ್ನೂ ಇಟ್ಟಿತ್ತು. 'ಕಾಕ್‌ಟೇಲ್ ಶೇಕರ್' ಎಂದೇ ಅವಕ್ಕೆ ಹೆಸರು. ಬಾಡಿಯ ನಡುಕ ಹೀರುವುದು ಅವುಗಳ ಕೆಲಸ. ತೂಕ ಇಳಿಸುವ ಆಸೆಗೆ ಇವನ್ನು ಬಿಸಾಡಿದ ಕಾರುಗಳು ಬಹಳ. ಅವುಗಳ ಬದಲಿಗೆ ಸಬ್‌ಫ್ರೇಮನ್ನೂ ಹಿಂದಿನ ರೈಲುಗಳನ್ನೂ ಸೇರಿಸುವ ಕನೆಕ್ಟರ್ ವೆಲ್ಡ್ ಮಾಡಿದ್ದಾರೆಯೇ ಎಂದು ಕೆಳಗೆ ಮಲಗಿ ನೋಡಿ.

ಪರೀಕ್ಷೆ ಸುಲಭ. ಬಾಗಿಲಿನ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಕಾರು ನಡುವೆ ಜೋತುಬಿದ್ದಿದೆ. ಮುಂದಿನ ಚಕ್ರದ ಹಿಂದೆ ಜಾಕ್ ಕೊಟ್ಟು ಎತ್ತಿ. ಬಾಗಿಲು ಮೊದಲಿನಷ್ಟೇ ಸಲೀಸಾಗಿ ತೆರೆದು ಮುಚ್ಚಬೇಕು. ಕಚ್ಚಿಕೊಂಡರೆ ರಾಕರ್ ಒಳಗೆ ತುಕ್ಕು, ಇಲ್ಲವೇ ಬಾಗಿಲ ಜಾಗಕ್ಕೆ ಅಡ್ಡಪಟ್ಟಿ ಬಿಗಿಯದೆ ರಾಕರ್ ಕತ್ತರಿಸಿ ಹೊಸದು ಹಾಕಿದ್ದಾರೆ. ಹಾಗೆ ಸೊಟ್ಟಗೆ ಕೂತ ಬಾಡಿಯನ್ನು ಆಮೇಲೆ ನೆಟ್ಟಗೆ ಮಾಡುವುದು ಹೊಸ ಎಂಜಿನ್ ಕೂರಿಸುವುದಕ್ಕಿಂತ ಕಷ್ಟ. ಮಡಚುವ ಟಾಪ್ ಇಳಿದು ಕೂರುವ ಗುಂಡಿಯಿಂದ ನೀರು ಸೋರಿ ಹಿಂದಿನ ಚಕ್ರದ ಸುತ್ತ, ಡಿಕ್ಕಿಯ ತಳದಲ್ಲಿ ತುಕ್ಕು ಹಿಡಿಯುವುದು ಮಾಮೂಲು. ಅಲ್ಲಿ ಅಯಸ್ಕಾಂತ ಹಿಡಿದು ನೋಡಿ. ಅಂಟದಿದ್ದರೆ ಪೇಂಟಿನ ಕೆಳಗಿರುವುದು ಪುಟ್ಟಿ.

ಇನ್ನು ಎಂಜಿನ್. ಎಲ್‌ಎಸ್3 ಎಂದರೆ 6.2 ಲೀಟರ್, 430 ಅಶ್ವಶಕ್ತಿ. 1969ರ 396 ಘನ ಇಂಚಿನ ಎಂಜಿನ್ನಿನ 375 ಅಶ್ವಶಕ್ತಿಯ ಜೊತೆ ಇದನ್ನು ಹೋಲಿಸಬೇಡಿ. ಹಳೆಯದು ಗ್ರಾಸ್ ಲೆಕ್ಕ (ಬರೀ ಎಂಜಿನ್ ಅಳೆದದ್ದು), 1972ರಿಂದ ಈಚೆಗಿನದು ನೆಟ್ ಲೆಕ್ಕ (ಕಾರಿನಲ್ಲಿರುವ ಜೋಡಣೆಗಳೊಂದಿಗೆ ಅಳೆದದ್ದು). ತೊಂದರೆ ಬರುವುದು ಎಂಜಿನ್ನಿನಿಂದಲ್ಲ, ಅದರ ಸುತ್ತಲಿನ ಜೋಡಣೆಯಿಂದ. ಕಾರ್ಬ್ಯುರೇಟರ್‌ಗೆ ಸುಮಾರು 6 ಪಿಎಸ್‌ಐ ಪೆಟ್ರೋಲ್ ಒತ್ತಡ ಸಾಕಿತ್ತು, ಎಲ್‌ಎಸ್‌ಗೆ 58 ಬೇಕು. ಹಳೇ ಟ್ಯಾಂಕನ್ನೇ ಉಳಿಸಿ ಹೊರಗೆ ಪಂಪ್ ಕಟ್ಟಿದರೆ ಅದು ಬಿಸಿಯಾಗುತ್ತದೆ, ಅರ್ಧ ಟ್ಯಾಂಕ್ ಇದ್ದರೂ ತಿರುವಿನಲ್ಲಿ ಪೆಟ್ರೋಲ್ ಒಂದು ಕಡೆ ವಾಲಿ ಎಂಜಿನ್ ಸೀನುತ್ತದೆ. ಒಳಗೇ ಪಂಪ್, ತಡೆಗೋಡೆ ಇರುವ ಟ್ಯಾಂಕೇ ಸರಿ. 37 ಆಂಪಿಯರಿನ ಹಳೇ ಆಲ್ಟರ್ನೇಟರ್‌ಗೆ ಎರಡು ಎಲೆಕ್ಟ್ರಿಕ್ ಫ್ಯಾನ್ ಸಾಕುವ ತಾಕತ್ತಿಲ್ಲ. ಎಂಜಿನ್ನಿನ ಆಯಿಲ್ ಪ್ಯಾನ್ ಸಬ್‌ಫ್ರೇಮಿಗಿಂತ ಕೆಳಗೆ ಇಳಿದಿದ್ದರೆ ಮೊದಲ ರಸ್ತೆ ಉಬ್ಬಿಗೇ ಒಡೆದೀತು.

ಗೇರ್‌ಬಾಕ್ಸ್ ಬದಲಾವಣೆಯ ಸುಖ ಹೈವೇಯಲ್ಲಿ ತಿಳಿಯುತ್ತದೆ. 26 ಇಂಚಿನ ಟೈರು, 3.73 ಅನುಪಾತದ ಆಕ್ಸಲ್ ಇದ್ದರೆ ಗಂಟೆಗೆ 100 ಕಿ.ಮೀ. ವೇಗದಲ್ಲಿ ಹಳೇ ನಾಲ್ಕನೇ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 3000 ಸುತ್ತು ತಿರುಗುತ್ತದೆ, ಹೊಸ ಗೇರ್‌ಬಾಕ್ಸಿನ 0.70 ಓವರ್‌ಡ್ರೈವ್‌ನಲ್ಲಿ, ಅಂದರೆ ಎಂಜಿನ್ ನಿಧಾನವಾಗಿ ತಿರುಗಿದರೂ ಸಾಕಾಗುವ ಮೇಲಿನ ಗೇರಿನಲ್ಲಿ, 2100.

ಬ್ರೇಕಿನಲ್ಲಿ ನಾಲ್ಕೂ ಡಿಸ್ಕ್ ಇದ್ದ ಮಾತ್ರಕ್ಕೆ ಸಾಲದು. ದೊಡ್ಡ ಕ್ಯಾಮ್‌ಶಾಫ್ಟ್ ಹಾಕಿದ ಎಂಜಿನ್ ಐಡ್ಲಿಂಗ್‌ನಲ್ಲಿ ಸಾಕಷ್ಟು ವ್ಯಾಕ್ಯೂಮ್ ಕೊಡುವುದಿಲ್ಲ. ಬ್ರೇಕ್ ಪೆಡಲ್‌ಗೆ ಬಲ ಕೂಡಿಸುವ ಬೂಸ್ಟರ್‌ಗೆ ಪಾದರಸದ ಲೆಕ್ಕದಲ್ಲಿ 18 ಇಂಚಿನಷ್ಟು ವ್ಯಾಕ್ಯೂಮ್ ಬೇಕಿದ್ದಲ್ಲಿ 10–12 ಸಿಕ್ಕರೆ ಪೆಡಲ್ ಕಲ್ಲಾಗುತ್ತದೆ. ಇಂಥ ಕಾರಿಗೆ ಪವರ್ ಸ್ಟೀರಿಂಗ್ ಪಂಪಿನಿಂದ ನಡೆಯುವ ಹೈಡ್ರೊಬೂಸ್ಟ್ ಹಾಕಿಸಬೇಕು.

ಇಂಥ ಕಾರನ್ನು ಕರ್ನಾಟಕಕ್ಕೆ ತರುವ ಯೋಚನೆ ಇದ್ದವರು ಒಂದು ನಿಯಮ ತಿಳಿದಿರಬೇಕು. 2021ರ ಕೇಂದ್ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುವುದು 50 ವರ್ಷ ದಾಟಿ, ಮೂಲ ರೂಪದಲ್ಲೇ ಇರುವ ವಾಹನಕ್ಕೆ. ಚಾಸಿ, ಬಾಡಿ ಅಥವಾ ಎಂಜಿನ್ ಮಾರ್ಪಾಡಾಗಿದ್ದರೆ ಅದು ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಎಂದರೆ ಎಲ್‌ಎಸ್3 ಕೂತ ಕ್ಯಾಮರೊಗೆ 'ಕೆಎ ವಿಎ' ನಂಬರ್ ಪ್ಲೇಟಿನ ದಾರಿ ಮುಚ್ಚಿದೆ. ಹಣ ಕಟ್ಟುವ ಮೊದಲೇ ಆರ್‌ಟಿಒದಲ್ಲಿ ಲಿಖಿತ ಉತ್ತರ ಪಡೆಯಿರಿ.