ಸಾಲ ತಡೆಯಲು ಹೋಗಿ ಸಾಲಿ ಮುಚ್ಚಿದಾಗ

ಟಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವ ಕೆಲಸ) ಮುಗಿದು ಬಳ್ಳಿ ಚಿಗುರಿದ ಹೊತ್ತಿನಲ್ಲಿ ನನಗೆ ಫೋನ್ ಮಾಡಿದರು. “ತಮ್ಮಾ, ನಿಮ್ಮ ಸಾಮಾಜಿಕ ಜಾಲದಲ್ಲಿ ನಾನು ಬರೆದದ್ದು ಯಾರಿಗೂ ಕಾಣುತ್ತಿಲ್ಲವಂತೆ. ಏನು ತಪ್ಪು ಮಾಡಿದೆ?” “ನೋಡಿ ಹೇಳುತ್ತೇನೆ ಕಾಕಾ” ಎಂದು ಕಂಪ್ಯೂಟರ್ ತೆರೆದೆ. ‘ಐದು ನಿಮಿಷದಲ್ಲಿ ಸಾಲ, ದಾಖಲೆ ಬೇಡ’ ಎನ್ನುವ ಹದಿನಾರು ಜಾಹೀರಾತುಗಳ ನಡುವೆ ಅವರ ಬರಹವೂ ಸಿಕ್ಕಿಬಿದ್ದಿತ್ತು. ಅವರು ಬರೆದದ್ದು ಇಷ್ಟೇ: ‘ಸಾಲಿನಿಂದ ಸಾಲಿಗೆ ಒಂಬತ್ತು ಅಡಿ ಬಿಟ್ಟಿದ್ದೇನೆ, ಗಾಳಿ ಆಡುತ್ತದೆ. ಆದರೂ ಎಲೆಯ ಹಿಂಬದಿ ಡೌನಿ ಕಾಣಿಸಿದೆ. ಏನು ಹೊಡೆಯಲಿ?’ ಎಳೆ ಚಿಗುರಿಗೆ ಡೌನಿ ರೋಗ ತಗಲಿದರೆ ಒಂದೊಂದು ದಿನವೂ ಲೆಕ್ಕಕ್ಕೆ ಬರುತ್ತದೆ. ಅವರ ಪ್ರಶ್ನೆ ಎರಡು ದಿನ ನಮ್ಮಲ್ಲಿ ಬಂದಿಯಾಗಿತ್ತು. ‘ಸಾಲ’ ಎಂಬ ಅಕ್ಷರಗಳು ಎಲ್ಲಿ ಕಂಡರೂ ಬರಹವನ್ನು ತಡೆಯುವ ಜರಡಿ, ಅಂದರೆ ಸೋಸುವ ಪ್ರೋಗ್ರಾಮ್, ಬರೆದವನು ನಾನೇ. ಅವರಿಗೆ ಆದ ನಷ್ಟ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಸರ್ವರ್‌ಗಳ ನಿರ್ವಹಣೆ ನನ್ನ ವೃತ್ತಿ. ಹಗಲು ಅದರಿಂದ ಹೊಟ್ಟೆಪಾಡು. ರಾತ್ರಿ ವಿಜಯಪುರದ ನನ್ನ ಮನೆಯಿಂದಲೇ, ಗೆಳೆಯರೊಡನೆ, ಮಾಸ್ಟೊಡಾನ್‌ನಲ್ಲಿ ಕನ್ನಡಿಗರ ಒಂದು ಸಣ್ಣ ಸರ್ವರ್ ನೋಡಿಕೊಳ್ಳುತ್ತೇನೆ. ಮಾಸ್ಟೊಡಾನ್ 2016ರಲ್ಲಿ ಜರ್ಮನಿಯ ಯೂಜೆನ್ ರೋಚ್ಕೊ ಆರಂಭಿಸಿದ ಸಾಮಾಜಿಕ ಜಾಲ. ಇದಕ್ಕೆ ಒಬ್ಬ ಒಡೆಯನಿಲ್ಲ. ಬೇರೆ ಬೇರೆಯವರು ನಡೆಸುವ ಸಾವಿರಾರು ಸರ್ವರ್‌ಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು ಓಣಿಯಲ್ಲಿ ಆಡಿದ ಮಾತು ಇನ್ನೊಂದು ಓಣಿಗೂ ಕೇಳುತ್ತದೆ, ಆದರೆ ಆಯಾ ಓಣಿಯ ಕಾವಲು ಆಯಾ ಓಣಿಯವರದ್ದೇ.

ಜಾಲ ಚಿಕ್ಕದಿದ್ದಾಗ ಸ್ಪ್ಯಾಮ್ (ಯಾರೂ ಕೇಳದ ರಾಶಿ ಸಂದೇಶ) ಹರಡುವವರಿಗೆ ನಾವು ಬೇಡವಾಗಿದ್ದೆವು. 2022ರ ಅಕ್ಟೋಬರ್ 27ರಂದು ಟ್ವಿಟರ್ ಎಲಾನ್ ಮಸ್ಕ್ ಕೈ ಸೇರಿದ ಮೇಲೆ ಲೆಕ್ಕ ಬದಲಾಯಿತು. ತಿಂಗಳಿಗೆ ಸುಮಾರು 3 ಲಕ್ಷ ಸಕ್ರಿಯ ಬಳಕೆದಾರರಿದ್ದ ಮಾಸ್ಟೊಡಾನ್ ನವೆಂಬರ್ ಹೊತ್ತಿಗೆ 25 ಲಕ್ಷ ಮುಟ್ಟಿತು. ಜಾತ್ರೆ ದೊಡ್ಡದಾದಾಗ ಜೇಬುಗಳ್ಳರು ಬರುವುದು ಹೊಸತೇನಲ್ಲ.

ನಿಜವಾದ ಪೆಟ್ಟು ಬಿದ್ದದ್ದು 2024ರ ಫೆಬ್ರುವರಿ ಮಧ್ಯದಲ್ಲಿ. ಯಾರೋ ಉತ್ಸಾಹದಿಂದ ಶುರು ಮಾಡಿ ಮರೆತುಬಿಟ್ಟ ಸಣ್ಣ ಸರ್ವರ್‌ಗಳು ಜಗತ್ತಿನಾದ್ಯಂತ ಬಹಳ ಇದ್ದವು. ಬಾಗಿಲು ತೆರೆದೇ ಇತ್ತು, ಒಳಗೆ ಯಾರೂ ಇರಲಿಲ್ಲ. ದಾಳಿಕೋರರು ಅಂಥವನ್ನು ಹುಡುಕಿ, ಪ್ರೋಗ್ರಾಮ್ ಮೂಲಕ ಖಾತೆಗಳನ್ನು ಸೃಷ್ಟಿಸಿ, ಸಿಕ್ಕಸಿಕ್ಕವರ ಹೆಸರು ಹಿಡಿದು ಜಪಾನಿ ಭಾಷೆಯ ಸಂದೇಶಗಳನ್ನು ಸುರಿದರು. ಇಂಡಿ, ಜಮಖಂಡಿಗಳಲ್ಲಿ ಕುಳಿತ ನಮ್ಮ ಸದಸ್ಯರ ಮೊಬೈಲ್‌ಗಳೂ ಬೆಳಗಿನ ಜಾವದಿಂದ ಅದನ್ನೇ ಬಡಿದುಕೊಂಡವು. ಒಂದು ದೊಡ್ಡ ಸರ್ವರ್ ಮೇಲೆ ದಾಳಿಯಾಗಿದ್ದರೆ ಅದರ ಕಾವಲುಗಾರರು ನೋಡಿಕೊಳ್ಳುತ್ತಿದ್ದರು. ಇಲ್ಲಿ ಪಾಳು ಮನೆಗಳೆಲ್ಲವೂ ಕಳ್ಳರ ಅಡಗುದಾಣವಾಗಿದ್ದವು.

ಆಗ ಕಾಪಾಡಿದ್ದು ನಿರ್ವಾಹಕರ ಪರಸ್ಪರ ಸಹಕಾರ. ಯಾವ ಪಾಳು ಸರ್ವರ್‌ನಿಂದ ಸಂದೇಶ ಬರುತ್ತಿದೆ ಎಂಬ ಪಟ್ಟಿಯನ್ನು ಒಬ್ಬರು ಇನ್ನೊಬ್ಬರಿಗೆ ದಾಟಿಸಿದರು, ಮುಖ ನೋಡದವರೂ ರಾತ್ರಿಯಿಡೀ ಪಟ್ಟಿ ತಿದ್ದಿದರು. ಅದೇ ತಿಂಗಳು ಬಂದ ಮಾಸ್ಟೊಡಾನ್ 4.2.8 ಆವೃತ್ತಿಯಲ್ಲಿ ಒಂದು ಒಳ್ಳೆಯ ನಿಯಮ ಸೇರಿತು: ಒಂದು ವಾರ ಯಾವ ನಿರ್ವಾಹಕನೂ ಒಳಗೆ ಬಾರದಿದ್ದರೆ ಮುಕ್ತ ನೋಂದಣಿ ತಾನಾಗಿಯೇ ನಿಂತು, ಹೊಸಬರಿಗೆ ಅನುಮತಿ ಕಡ್ಡಾಯವಾಗುತ್ತದೆ. ಮನೆಯವರು ಊರಿಗೆ ಹೋದರೆ ಬಾಗಿಲು ತಾನೇ ಚಿಲಕ ಹಾಕಿಕೊಂಡಂತೆ.

ಆ ಗಡಿಬಿಡಿಯಲ್ಲಿ ನಾವೂ ಒಂದು ತಪ್ಪು ಮಾಡಿದೆವು. ಪಟ್ಟಿಯಲ್ಲಿದ್ದ ಒಂದು ಸರ್ವರ್ ಪಾಳು ಬಿದ್ದಿರಲಿಲ್ಲ, ಅಲ್ಲಿ ನಿಜವಾದ ಜನರಿದ್ದರು. ನಾವು ಅದರ ಸಂಪರ್ಕವನ್ನು ಪೂರ್ತಿ ಕಡಿದುಹಾಕಿದೆವು. ಪೂರ್ತಿ ಕಡಿದರೆ ಎರಡೂ ಕಡೆಯವರು ಒಬ್ಬರನ್ನೊಬ್ಬರು ಹಿಂಬಾಲಿಸುತ್ತಿದ್ದ ನಂಟೆಲ್ಲ ಅಳಿದುಹೋಗುತ್ತದೆ, ನಿರ್ಬಂಧ ತೆಗೆದರೂ ಮರಳಿ ಬರುವುದಿಲ್ಲ. ‘ಮಿತಿಗೊಳಿಸು’ ಎಂಬ ಇನ್ನೊಂದು ಗುಂಡಿ ಇದೆ. ಅದನ್ನು ಒತ್ತಿದರೆ ಆ ಸರ್ವರ್‌ನ ಬರಹ ಹಿಂಬಾಲಿಸದವರ ಕಣ್ಣಿಗೆ ಬೀಳುವುದಿಲ್ಲ, ಆದರೆ ಈಗಾಗಲೇ ಹಿಂಬಾಲಿಸುವವರಿಗೆ ಕಾಣುತ್ತದೆ, ನಂಟು ಉಳಿಯುತ್ತದೆ. ಅಂದಿನಿಂದ ನಾವು ಮೊದಲು ಒತ್ತುವುದು ಇದನ್ನೇ. ಹೊಸ ನಿರ್ವಾಹಕರಿಗೆಲ್ಲ ಇದನ್ನೇ ಹೇಳುತ್ತೇನೆ.

ಹೊಸಬರು ಸೇರುವಾಗ ನಾವು ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಊರಿನ ಸಂತೆ ಯಾವ ವಾರ? ಯಂತ್ರ ಬರೆದ ಉತ್ತರ ಶುದ್ಧ ಕನ್ನಡದಲ್ಲೇ ಇರುತ್ತದೆ, ‘ನಮ್ಮ ಊರಿನ ಸಂತೆ ವೈವಿಧ್ಯಕ್ಕೆ ಹೆಸರಾಗಿದೆ’ ಎನ್ನುತ್ತದೆ. ಮನುಷ್ಯನಾದರೆ ‘ಮಂಗಳವಾರ, ಆದರೆ ಮಳೆ ಬಂದರೆ ಹಳ್ಳ ದಾಟಿ ಯಾರೂ ಬರುವುದಿಲ್ಲ’ ಎಂದು ಬರೆಯುತ್ತಾನೆ. ಕೇಳದೆ ಇದ್ದದ್ದನ್ನೂ ಹೇಳುವುದು ಮನುಷ್ಯನ ಗುರುತು.

ಇನ್ನು ಜರಡಿಯ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಂಗ್ಲಿಷಿಗೆಂದು ಹೆಣೆದ ಜರಡಿಗಳನ್ನು ಕನ್ನಡಕ್ಕೆ ಹಾಗೆಯೇ ತಂದರೆ ಏನಾಗುತ್ತದೆ ಎಂಬುದನ್ನು ಯಾರೂ ನಮಗೆ ಕಲಿಸಿರಲಿಲ್ಲ. ಇಂಗ್ಲಿಷಿನ ‘ಲೋನ್’ ವಾಕ್ಯದಲ್ಲಿ ಎಲ್ಲಿ ಬಂದರೂ ಹೆಚ್ಚುಕಡಿಮೆ ಅದೇ ರೂಪದಲ್ಲಿರುತ್ತದೆ. ನಮ್ಮ ‘ಸಾಲ’ ಹಾಗಲ್ಲ. ಸಾಲವನ್ನು, ಸಾಲಕ್ಕೆ, ಸಾಲದಿಂದ, ಸಾಲದಲ್ಲಿ ಎಂದು ವಿಭಕ್ತಿ ಹಚ್ಚಿಕೊಂಡು ತಿರುಗುತ್ತದೆ. ‘ಪೂರ್ಣ ಪದ ಹೊಂದಿದರೆ ಮಾತ್ರ ತಡೆ’ ಎಂದರೆ ಇವೆಲ್ಲ ನುಸುಳುತ್ತವೆ. ‘ಎಲ್ಲಿ ಕಂಡರೂ ತಡೆ’ ಎಂದರೆ ದ್ರಾಕ್ಷಿಯ ಸಾಲು ನಿಲ್ಲುತ್ತದೆ, ಮಸಾಲೆ ದೋಸೆ ನಿಲ್ಲುತ್ತದೆ, ನಮ್ಮ ಕಡೆ ಶಾಲೆಗೆ ‘ಸಾಲಿ’ ಎನ್ನುವುದರಿಂದ ಮಕ್ಕಳನ್ನು ಸಾಲಿಗೆ ಕಳಿಸಿದ ತಾಯಿಯ ಮಾತೂ ನಿಲ್ಲುತ್ತದೆ. ಎಲ್ಲಕ್ಕಿಂತ ಕಷ್ಟದ್ದು ‘ಸಾಲದ ಹಣ’. ಎರವಲು ತಂದ ಹಣವೋ, ಖರ್ಚಿಗೆ ಸಾಕಾಗದ ಹಣವೋ? ಎರಡಕ್ಕೂ ಅಕ್ಷರ ಒಂದೇ. ಹಿಂದುಮುಂದಿನ ಮಾತು ಓದಿದವರಿಗಷ್ಟೇ ತಿಳಿಯುತ್ತದೆ.

ಸ್ಪ್ಯಾಮ್ ಕಳಿಸುವವರು ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ‘ಸಾ’ ಮತ್ತು ‘ಲ’ ನಡುವೆ ತೂರಿಸುತ್ತಾರೆ. ಓದುಗರಿಗೆ ‘ಸಾಲ’ ಎಂದೇ ಕಾಣುತ್ತದೆ, ಕಂಪ್ಯೂಟರಿಗೆ ಬೇರೆ ಪದ. ಆ ಚಿಹ್ನೆ ಇರುವ ಬರಹವನ್ನೆಲ್ಲ ತಡೆಯೋಣ ಎಂದು ಗೆಳೆಯರೊಬ್ಬರು ಹೇಳಿದರು. ಆದರೆ ‘ಫೇಸ್‌ಬುಕ್’ ಎಂದು ಬಿಡಿಸಿ ಬರೆಯಲು ಕನ್ನಡಕ್ಕೆ ಅದೇ ಚಿಹ್ನೆ ಬೇಕು. ಆದ್ದರಿಂದ ಬರಹದ ಒಂದು ನಕಲಿನಿಂದ ಆ ಚಿಹ್ನೆ ತೆಗೆದು, ಅದನ್ನಷ್ಟೇ ಪರೀಕ್ಷಿಸುತ್ತೇವೆ. ಮೂಲ ಬರಹಕ್ಕೆ ಕೈ ಹಚ್ಚುವುದಿಲ್ಲ.

ಈಗ ನಮ್ಮ ಜರಡಿ ಏನನ್ನೂ ಅಳಿಸುವುದಿಲ್ಲ, ತಡೆದು ನಿಲ್ಲಿಸುತ್ತದೆ ಅಷ್ಟೇ. ತೀರ್ಮಾನ ಕನ್ನಡ ಬಲ್ಲ ಮನುಷ್ಯರದ್ದು, ಅದೂ ಒಂದು ಗಂಟೆಯೊಳಗೆ. ಇದಕ್ಕಾಗಿ ಆರು ಮಂದಿ ಪಾಳಿ ಹಂಚಿಕೊಂಡಿದ್ದೇವೆ. ಬಾಗಲಕೋಟೆಯ ನರ್ಸ್ ಒಬ್ಬರು ರಾತ್ರಿ ಪಾಳಿಯ ಬಿಡುವಿನಲ್ಲಿ ನೋಡುತ್ತಾರೆ, ಜಮಖಂಡಿಯ ವಿದ್ಯಾರ್ಥಿಯೊಬ್ಬ ಬೆಳಿಗ್ಗೆ. ಸದಸ್ಯರಿಂದ ನಾವು ಕೇಳುವುದು ಇಷ್ಟೇ: ಸ್ಪ್ಯಾಮ್‌ಗೆ ಬೈದು ಉತ್ತರ ಬರೆಯಬೇಡಿ, ಚಿತ್ರ ತೆಗೆದು ಹಂಚಬೇಡಿ, ಅದರಿಂದ ಅವರ ಸಂದೇಶವೇ ಇನ್ನಷ್ಟು ಜನರನ್ನು ಮುಟ್ಟುತ್ತದೆ. ದೂರು ಗುಂಡಿ ಒತ್ತಿ, ಒಂದು ಸಾಲು ಕಾರಣ ಬರೆಯಿರಿ. ‘ಇದೇ ಮಾತು ನಿನ್ನೆ ಬೇರೆ ಹೆಸರಿನಿಂದ ಬಂದಿತ್ತು’ ಎಂಬ ಒಂದೇ ದೂರಿನಿಂದ ನಾವು ನಲವತ್ತು ಖೊಟ್ಟಿ ಖಾತೆಗಳನ್ನು ಹಿಡಿದದ್ದುಂಟು.

ತಂಡದಲ್ಲಿ ಇಂಡಿಯ ನಿವೃತ್ತ ಶಿಕ್ಷಕರೊಬ್ಬರಿದ್ದಾರೆ. ‘ಸಾಲ’ ಅಡಗಿರುವ, ಆದರೆ ಸಾಲವಲ್ಲದ ಪದಗಳನ್ನು ಅವರು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಪ್ರತಿ ಭಾನುವಾರ ನಾನು ಅವನ್ನು ಜರಡಿಯ ವಿನಾಯಿತಿ ಪಟ್ಟಿಗೆ ಸೇರಿಸುತ್ತೇನೆ. ಕಳೆದ ವಾರ ತಡೆಯಲ್ಲಿ ನಿಂತದ್ದು ಅವರದ್ದೇ ಬರಹ. ಇಂಡಿ ತಾಲ್ಲೂಕಿನ ಸಾಲೋಟಗಿಯ ಶಾಸನದ ಬಗ್ಗೆ ಬರೆದಿದ್ದರು: ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ್ದು, ಕ್ರಿ.ಶ. 945ರದ್ದು, ದೂರದೂರದಿಂದ ಓದಲು ಬಂದ ವಿದ್ಯಾರ್ಥಿಗಳಿಗೆ 27 ವಸತಿಗೃಹಗಳಿದ್ದ ಶಾಲೆಯೊಂದನ್ನು ಕುರಿತದ್ದು. ಹನ್ನೆರಡು ನಿಮಿಷದಲ್ಲಿ ಬಾಗಲಕೋಟೆಯ ನರ್ಸ್ ಅದನ್ನು ಬಿಡುಗಡೆ ಮಾಡಿದರು. ಗುರುಗಳು ಅದೇ ರಾತ್ರಿ ನೋಟ್‌ಬುಕ್ ತೆರೆದು ‘ಸಾಲೋಟಗಿ’ ಎಂದು ಬರೆದು, ಪುಟದ ಫೋಟೊ ನನಗೆ ಕಳಿಸಿದರು.