ಕಡಿಮೆ ಬೆಲೆಯ ಕ್ಯಾಮೆರಾ ಅಳೆದ ನಡಿಗೆಯನ್ನು ಎಷ್ಟು ನಂಬಬಹುದು?

ಪ್ರಶ್ನೆ: ನಮ್ಮ ತಂದೆಗೆ ಪಾರ್ಕಿನ್ಸನ್ಸ್ ಕಾಯಿಲೆ ಇದೆ. ಕಿನೆಕ್ಟ್ ತರಹದ ಆಟದ ಕ್ಯಾಮೆರಾ ಮುಂದೆ ನಡೆಸಿ ನಡಿಗೆ ಅಳೆಯಬಹುದಂತೆ. ಆ ಲೆಕ್ಕವನ್ನು ನಂಬಬಹುದಾ?

ಉತ್ತರ: ನಡೆಯುವ ವೇಗ, ಹೆಜ್ಜೆಯ ಉದ್ದ ಇವುಗಳ ಮಟ್ಟಿಗೆ ನಂಬಬಹುದು. ಪಾದ ಹೇಗೆ ಏಳುತ್ತದೆ, ಹೇಗೆ ಊರುತ್ತದೆ ಅನ್ನುವುದಕ್ಕೆ ಬಂದರೆ ಜಾಸ್ತಿ ನೆಚ್ಚಿಕೊಳ್ಳಬೇಡಿ.

ಕಿನೆಕ್ಟನ್ನು ಮೈಕ್ರೋಸಾಫ್ಟ್ 2010ರಲ್ಲಿ ಎಕ್ಸ್‌ಬಾಕ್ಸ್ ಆಟಗಳಿಗೆಂದು ತಂದಿತು. ಅದು ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕು ಚೆಲ್ಲಿ, ಎದುರಿಗಿರುವುದು ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ಅದರಿಂದ ಭುಜ, ಸೊಂಟ, ಮಂಡಿ ಎಲ್ಲೆಲ್ಲಿವೆ ಎಂದು ಅಂದಾಜು ಮಾಡುತ್ತದೆ. ನಡಿಗೆ ಅಳೆಯುವ ದೊಡ್ಡ ಲ್ಯಾಬ್‌ಗಳಲ್ಲಿ ಮೈಗೆ ಹೊಳೆಯುವ ಪುಟ್ಟ ಗುಂಡುಗಳನ್ನು ಅಂಟಿಸಿ, ಸುತ್ತಲೂ ಕ್ಯಾಮೆರಾಗಳನ್ನಿಟ್ಟು, ಸೆಕೆಂಡಿಗೆ 100 ಅಥವಾ ಇನ್ನೂ ಜಾಸ್ತಿ ಚಿತ್ರ ತೆಗೆಯುತ್ತಾರೆ. ಕಿನೆಕ್ಟ್ ತೆಗೆಯುವುದು 30. ಹಿಮ್ಮಡಿ ನೆಲ ಮುಟ್ಟಿದ ಕ್ಷಣ ಎರಡು ಚಿತ್ರಗಳ ನಡುವೆ ತಪ್ಪಿಹೋಗಬಹುದು.

ಪಾದದ್ದು ಇನ್ನೊಂದು ತೊಂದರೆ. ಅದು ನೆಲಕ್ಕೆ ಅಂಟಿಕೊಂಡಿರುವಾಗ ಪಾದ ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು ಎಂದು ಈ ಕ್ಯಾಮೆರಾಗೆ ಸರಿಯಾಗಿ ತಿಳಿಯುವುದಿಲ್ಲ. ಸ್ಟ್ರೋಕ್ ಆದವರಲ್ಲಿ ಮುಂಗಾಲು ಎತ್ತಲಾಗದೆ ನೆಲಕ್ಕೆ ಉಜ್ಜುತ್ತದಲ್ಲ, ಡಾಕ್ಟರ್ ನೋಡಬೇಕಾದದ್ದು ಅದನ್ನೇ. ಅಲ್ಲೇ ಇದು ಸೋಲುತ್ತದೆ. ಪಾರ್ಕಿನ್ಸನ್ಸ್‌ನಲ್ಲಿ ಪರವಾಗಿಲ್ಲ. ಹೆಜ್ಜೆ ಗಿಡ್ಡವಾಗುವುದು, ನಡಿಗೆ ನಿಧಾನವಾಗುವುದು, ಒಂದು ಕೈ ಬೀಸದೇ ಇರುವುದು, ಇವೆಲ್ಲ ದೊಡ್ಡ ಚಲನೆಗಳು. ಸುಲಭವಾಗಿ ಸಿಗುತ್ತವೆ.

ಕಿನೆಕ್ಟ್‌ಗೆ ನೆಟ್ಟಗೆ ಕಾಣುವುದು ಸುಮಾರು 4 ಮೀಟರ್‌ವರೆಗೆ. ನಡಿಗೆ ಹದಕ್ಕೆ ಬರುವ ಹೊತ್ತಿಗೆ ಜಾಗವೇ ಮುಗಿದಿರುತ್ತದೆ. ಹಾಗಾಗಿ ಒಂದೇ ಸಲ ನಡೆಸಿ ಕೊಟ್ಟ ಅಂಕಿಯನ್ನು ಒಪ್ಪಬೇಡಿ. ನಾಲ್ಕೈದು ಸಲ ನಡೆಸಿ ಸರಾಸರಿ ತೆಗೆದಿದ್ದಾರಾ ಎಂದು ಕೇಳಿ.

ಬಟ್ಟೆಯ ವಿಷಯ ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ಪಂಚೆ, ಲುಂಗಿ, ಸೀರೆ ಉಟ್ಟಿದ್ದರೆ ಮಂಡಿ ಎಲ್ಲಿದೆ ಎಂದು ಗೊತ್ತಾಗದೆ ಕ್ಯಾಮೆರಾ ಏನೋ ಒಂದು ಗುರುತು ಹಾಕಿಬಿಡುತ್ತದೆ. ತಂದೆಯವರಿಗೆ ಆ ದಿನ ಮೈಗೆ ಒಪ್ಪುವ ಪ್ಯಾಂಟ್ ಹಾಕಿಸಿ. ಕಿಟಕಿಯಿಂದ ಬಿಸಿಲು ಬಿದ್ದರೂ ಇನ್ಫ್ರಾರೆಡ್ ಲೆಕ್ಕ ಕೆಡುತ್ತದೆ. ಪಕ್ಕದಲ್ಲಿ ಯಾರಾದರೂ ಕೈ ಹಿಡಿದು ನಡೆದರೆ ಇಬ್ಬರ ಕೈಕಾಲು ಕಲಸಿಹೋಗುತ್ತವೆ. ಹಾಗಂತ ಬೀಳುವ ಭಯ ಇರುವವರನ್ನು ಒಬ್ಬರೇ ನಡೆಸಬಾರದು. ಲೆಕ್ಕ ಕೆಟ್ಟರೆ ಕೆಡಲಿ, ಜೊತೆಗೆ ಒಬ್ಬರು ಇರಲೇಬೇಕು.

ಎಕ್ಸ್‌ಬಾಕ್ಸ್‌ನ ಕಿನೆಕ್ಟ್ ತಯಾರಿಕೆ 2017ರಲ್ಲೇ ನಿಂತಿತು. ಈಗ ಮೀಡಿಯಾಪೈಪ್, ಓಪನ್‌ಪೋಸ್‌ನಂಥ ಸಾಫ್ಟ್‌ವೇರ್‌ಗಳು ಮಾಮೂಲಿ ವಿಡಿಯೊದಲ್ಲೇ ಕೀಲುಗಳನ್ನು ಗುರುತಿಸುತ್ತವೆ. ಫೋನ್ ಒಂದೇ ಇದ್ದರೆ ಒಂದು ಮಿತಿ ಇದೆ: ಪಕ್ಕದಿಂದ ತೆಗೆದರೆ ಹೆಜ್ಜೆಯ ಉದ್ದ ಕಾಣುತ್ತದೆ, ಕಾಲು ಎಷ್ಟು ಅಗಲಿಸಿ ನಡೆಯುತ್ತಾರೆ ಅನ್ನುವುದು ಕಾಣುವುದಿಲ್ಲ.

ನನ್ನ ಪ್ರಕಾರ ಈ ಕ್ಯಾಮೆರಾಗಳ ನಿಜವಾದ ಉಪಯೋಗ ಕಾಯಿಲೆ ಪತ್ತೆಹಚ್ಚುವುದರಲ್ಲಿ ಇಲ್ಲ. ಅದೇ ಮನುಷ್ಯನ ಮೂರು ತಿಂಗಳ ಹಿಂದಿನ ನಡಿಗೆಯನ್ನು ಇವತ್ತಿನದರ ಪಕ್ಕ ಇಟ್ಟು ನೋಡುವುದರಲ್ಲಿದೆ. ಅದಕ್ಕೆ ಕ್ಯಾಮೆರಾ ಇಡುವ ಜಾಗ, ಅದರ ಎತ್ತರ, ಚಪ್ಪಲಿ, ಎಲ್ಲವೂ ಪ್ರತಿ ಸಲ ಒಂದೇ ಆಗಿರಬೇಕು. ಮುಖ್ಯವಾಗಿ ಮಾತ್ರೆಯ ಸಮಯ. ಪಾರ್ಕಿನ್ಸನ್ಸ್‌ಗೆ ಕೊಡುವ ಲೆವೊಡೋಪಾ ಮಾತ್ರೆ ತೆಗೆದುಕೊಂಡು ಒಂದು ಗಂಟೆಯಾದಾಗಿನ ನಡಿಗೆಯೇ ಬೇರೆ, ಅದರ ಪರಿಣಾಮ ಇಳಿದಾಗಿನದೇ ಬೇರೆ. ಅವೆರಡನ್ನು ಹೋಲಿಸಿದರೆ ಸುಮ್ನೆ ಗಾಬರಿಯಾಗುತ್ತದೆ.

ಇನ್ನೊಂದು ಮಾತು. ಕಾಲು ನೆಲಕ್ಕೆ ಕಚ್ಚಿಕೊಂಡಂತೆ ನಿಂತುಬಿಡುವುದು ಮನೆಯ ಬಾಗಿಲ ಹತ್ತಿರ, ತಿರುಗುವಾಗ, ಇಕ್ಕಟ್ಟಿನ ಜಾಗದಲ್ಲಿ ಜಾಸ್ತಿ. ಡಾಕ್ಟರ್ ಎದುರು ಎಷ್ಟೋ ಜನ ಚೆನ್ನಾಗೇ ನಡೆದುಬಿಡುತ್ತಾರೆ. ಮನೆಯಲ್ಲಿ ಹಾಗಾದಾಗ ಫೋನಿನಲ್ಲಿ ಒಂದು ವಿಡಿಯೊ ತೆಗೆದಿಟ್ಟುಕೊಳ್ಳಿ. ತಂದೆಯವರನ್ನು ಹಿಡಿದುಕೊಳ್ಳುವವರು ಒಬ್ಬರು, ತೆಗೆಯುವವರು ಇನ್ನೊಬ್ಬರು. ಕೊನೆಯ ಮಾತ್ರೆ ಎಷ್ಟು ಗಂಟೆಗೆ ಕೊಟ್ಟಿದ್ದಿರಿ ಎಂದು ಬರೆದಿಟ್ಟು, ಎರಡನ್ನೂ ಡಾಕ್ಟರಿಗೆ ತೋರಿಸಿ.